ಚಳಿಗೆ ಮರಗಟ್ಟಿದ ಎಂಜಿನ್ ಬೇಗ ಕಾವೇರಬೇಕಾದರೆ

ಪ್ರಶ್ನೆ: ನಾನಿರುವ ಕಡೆ ಚಳಿಗಾಲದ ಬೆಳಗ್ಗೆ ಮೈನಸ್ 10ರಿಂದ ಮೈನಸ್ 20 ಡಿಗ್ರಿ ಇರುತ್ತದೆ. ಕಾರು ರಾತ್ರಿಯೆಲ್ಲ ಬಯಲಲ್ಲೇ ನಿಂತಿರುತ್ತದೆ. ಒಂಬತ್ತು ವರ್ಷ ಹಳೆಯ 1.5 ಲೀಟರ್ ಪೆಟ್ರೋಲ್ ಗಾಡಿ. ಸ್ಟಾರ್ಟ್ ಮಾಡಿ 15 ನಿಮಿಷ ಹಾಗೇ ಬಿಟ್ಟರೂ ಹೀಟರ್‌ನಿಂದ ಬರೋದು ಉಗುರುಬೆಚ್ಚಗಿನ ಗಾಳಿ ಅಷ್ಟೇ. ಆಫೀಸು 6 ಕಿಲೋಮೀಟರ್ ದೂರ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ಬಿಸಿ ಬರಲು ಶುರುವಾಗುತ್ತದೆ! ನಿಂತಲ್ಲೇ ರೇಸ್ ಕೊಡಿ ಅಂತ ಒಬ್ಬರು, ರೇಡಿಯೇಟರ್ ಮುಂದೆ ರಟ್ಟು ಸಿಕ್ಕಿಸಿ ಅಂತ ಇನ್ನೊಬ್ಬರು, ಜಾಸ್ತಿ ಡಿಗ್ರಿಯ ಥರ್ಮೋಸ್ಟಾಟ್ ಹಾಕಿಸಿ ಅಂತ ಮತ್ತೊಬ್ಬರು ಹೇಳುತ್ತಿದ್ದಾರೆ. ನಿಂತ ಗಾಡಿಯ ಎಂಜಿನ್ ಅನ್ನು ಕರೆಂಟಿನಲ್ಲಿ ಕಾಯಿಸುವ ಬ್ಲಾಕ್ ಹೀಟರ್ ಹಾಕಿಸಿದರೆ ಪ್ರಯೋಜನ ಇದೆಯಾ? ಎಂಜಿನ್ ಹಾಳಾಗದ ಹಾಗೆ ಬೇಗ ಬಿಸಿ ಮಾಡೋದು ಹೇಗೆ?

ಉತ್ತರ: ನಾಳೆಯಿಂದಲೇ ಆ 15 ನಿಮಿಷದ ಐಡ್ಲಿಂಗ್ ಬಿಟ್ಟುಬಿಡಿ. ಎಂಜಿನ್ ಬಿಸಿ ಮಾಡಲು ಅದರಷ್ಟು ನಿಧಾನದ ದಾರಿ ಇನ್ನೊಂದಿಲ್ಲ. ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಯಾರ ಮಾತೂ ಪೂರ್ತಿ ಸರಿಯಿಲ್ಲ. ಆದರೆ ಮೂರನೆಯವರು ಬೇರೇನೋ ಹೇಳಲು ಹೋಗಿ ಸರಿಯಾದ ಭಾಗದ ಹೆಸರು ಹೇಳಿದ್ದಾರೆ. ಥರ್ಮೋಸ್ಟಾಟ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಶಾಖದ ಲೆಕ್ಕ ನೋಡೋಣ, ಏಕೆಂದರೆ ಅದು ಗೊತ್ತಾದರೆ ಯಾವ ಸಲಹೆ ಎಷ್ಟು ಬಾಳುತ್ತದೆ ಅಂತ ನೀವೇ ಅಳೆದು ನೋಡಬಹುದು.

ನಿಮ್ಮ ಗಾಡಿಯ ಅಳತೆಯ ಎಂಜಿನ್‌ನಲ್ಲಿ ಬ್ಲಾಕು, ಹೆಡ್ಡು ಎಲ್ಲ ಸೇರಿ ಸುಮಾರು 100 ಕಿಲೋ ಲೋಹ ಇರುತ್ತದೆ. ಅದರೊಳಗೆ 5–6 ಲೀಟರ್ ಕೂಲಂಟ್ (ಎಂಜಿನ್ ತಣಿಸಲು ಸುತ್ತುವ ದ್ರವ), 4 ಲೀಟರ್ ಹತ್ತಿರ ಆಯಿಲ್. ಇಷ್ಟನ್ನೂ ಮೈನಸ್ 15ರಿಂದ 85 ಡಿಗ್ರಿಗೆ ಏರಿಸಬೇಕು. ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲೇ ಹೇಳೋದಾದರೆ, ಇದಕ್ಕೆ ಹೆಚ್ಚುಕಮ್ಮಿ ಎರಡೂವರೆ ಯೂನಿಟ್ ಶಾಖ ಬೇಕು. ಒಂದು ಹನಿಯೂ ಆಚೆ ಸೋರಲಿಲ್ಲ ಅಂತ ಇಟ್ಟುಕೊಂಡರೆ ಮಾತ್ರ ಇಷ್ಟು.

ಈಗ ಐಡ್ಲಿಂಗ್‌ನಲ್ಲಿ ಎಷ್ಟು ಸಿಗುತ್ತದೆ ನೋಡಿ. ತಣ್ಣಗಿರುವ ಸಣ್ಣ ಪೆಟ್ರೋಲ್ ಎಂಜಿನ್ ನಿಂತಲ್ಲೇ ಓಡುವಾಗ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 9 ಯೂನಿಟ್. ಅದರಲ್ಲಿ ಮೂರನೇ ಒಂದು ಭಾಗ ಎಂಜಿನ್‌ನ ಮೈಗೆ ಮತ್ತು ಕೂಲಂಟ್‌ಗೆ ಸಿಕ್ಕಿದರೆ ಹೆಚ್ಚು. ಉಳಿದದ್ದು ಸೈಲೆನ್ಸರ್‌ನಲ್ಲಿ ಹೋಗುತ್ತದೆ. ಅಂದರೆ ಗಂಟೆಗೆ 3 ಯೂನಿಟ್. ನೀವು ಕಾಯುವ 15 ನಿಮಿಷಕ್ಕೆ ಮುಕ್ಕಾಲು ಯೂನಿಟ್! ಬೇಕಾಗಿದ್ದು ಎರಡೂವರೆ. ಹೀಟರ್ ಉಗುರುಬೆಚ್ಚಗಾಗದೆ ಇನ್ನೇನಾಗುತ್ತದೆ?

ಅದೇ ಗಾಡಿಯನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಿಸಿ. ತಣ್ಣಗಿರುವಾಗ ಮೈಲೇಜ್ ಕೆಟ್ಟದಾಗಿರುತ್ತದೆ, 100 ಕಿಲೋಮೀಟರಿಗೆ 8 ಲೀಟರ್ ಅಂತ ಹಿಡಿಯೋಣ. ಗಂಟೆಗೆ 3 ಲೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಎಂಜಿನ್‌ಗೆ ಸಿಗುವ ಶಾಖವೂ ಮೂರು ಪಟ್ಟು, ಗಂಟೆಗೆ 9 ಯೂನಿಟ್ ಹತ್ತಿರ. ಐಡ್ಲಿಂಗ್‌ನ 15 ನಿಮಿಷದ ಶಾಖ 5 ನಿಮಿಷದಲ್ಲಿ ಬರುತ್ತದೆ, ನೀವು ಆಫೀಸಿನ ಕಡೆ 3 ಕಿಲೋಮೀಟರ್ ಹೋಗಿಯೂ ಆಗಿರುತ್ತದೆ. ಭಾರ ಹೊತ್ತರೆ ಎಂಜಿನ್ ಬಿಸಿಯಾಗುತ್ತದೆ, ಸುಮ್ನೆ ನಿಂತರೆ ಆಗಲ್ಲ. ಚಳಿಗಾಲದ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ.

ಡೀಸೆಲ್ ಗಾಡಿಯಾದರೆ ಇದು ಇನ್ನೂ ಹೆಚ್ಚು ನಿಜ. ಐಡ್ಲಿಂಗ್‌ನಲ್ಲಿ ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ಕಡಿಮೆ ಇಂಧನ ಉರಿಸುತ್ತದೆ, ಗಾಳಿಯನ್ನು ಮಾತ್ರ ಬೇಕಾದಷ್ಟು ಎಳೆಯುತ್ತದೆ. ಕೊರೆಯುವ ಚಳಿಯಲ್ಲಿ ಹೀಟರ್ ಫುಲ್ ಇಟ್ಟು ನಿಲ್ಲಿಸಿದರೆ ಬಿಸಿಯಾಗಿದ್ದ ಡೀಸೆಲ್ ಎಂಜಿನ್ನೂ ನಿಧಾನಕ್ಕೆ ತಣ್ಣಗಾಗುತ್ತಾ ಬರುತ್ತದೆ.

ಹಾಗಾದರೆ ಹೊರಡುವ ಮುಂಚೆ ಬಿಸಿ ಮಾಡಬೇಕು ಅನ್ನೋ ಮಾತು ಎಲ್ಲಿಂದ ಬಂತು? ಕಾರ್ಬ್ಯುರೇಟರ್ ಕಾಲದಿಂದ. ಆಗ ಚೋಕ್ ಎಳೆದು ಕಾಯಲೇಬೇಕಿತ್ತು, ಇಲ್ಲದಿದ್ದರೆ ಗಾಡಿ ಮೊದಲ ತಿರುವಿನಲ್ಲೇ ಕೆಮ್ಮಿ ನಿಲ್ಲುತ್ತಿತ್ತು. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಕಂಪ್ಯೂಟರ್ರೇ ಕೂಲಂಟ್ ಎಷ್ಟು ತಣ್ಣಗಿದೆ ನೋಡಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಇದರಿಂದ ಗಾಡಿ ತಕ್ಷಣ ಓಡುತ್ತದೆ ನಿಜ, ಆದರೆ ಇನ್ನೊಂದು ತೊಂದರೆ ಇದೆ. ತಣ್ಣಗಿನ ಸಿಲಿಂಡರಿನಲ್ಲಿ ಆ ಹೆಚ್ಚುವರಿ ಪೆಟ್ರೋಲ್ ಪೂರ್ತಿ ಆವಿಯಾಗಲ್ಲ. ಹಸಿಯಾಗಿಯೇ ಗೋಡೆಗೆ ಅಂಟಿ, ಅಲ್ಲಿರುವ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು, ಸಂಪಿನ, ಅಂದರೆ ಎಂಜಿನ್ ತಳದ ತೊಟ್ಟಿಯ, ಆಯಿಲಿಗೆ ಸೇರುತ್ತದೆ. ಎಂಜಿನ್ ತಣ್ಣಗಿರುವಷ್ಟು ಹೊತ್ತೂ ಇದು ನಡೆಯುತ್ತಲೇ ಇರುತ್ತದೆ. ಎಂಜಿನ್ ಮೇಲಿನ ಕಾಳಜಿಯಿಂದ ಐಡ್ಲಿಂಗ್ ಮಾಡುವವರು ಆ ಕೆಟ್ಟ ಹೊತ್ತನ್ನೇ ಉದ್ದ ಮಾಡುತ್ತಿರುತ್ತಾರೆ.

ಬೆಳಗ್ಗೆ ಏನು ಮಾಡಬೇಕು ಅಂದರೆ ಇಷ್ಟೇ. ಸ್ಟಾರ್ಟ್ ಮಾಡಿ. ಆಯಿಲ್ ದೀಪ ಆರಲಿ, ಏರಿದ್ದ ಆರ್‌ಪಿಎಂ ಸ್ವಲ್ಪ ಇಳಿಯಲಿ. ಮೈನಸ್ 10ರಲ್ಲಿ ಇದಕ್ಕೆ ಅರ್ಧದಿಂದ ಒಂದು ನಿಮಿಷ ಸಾಕು, ಮೈನಸ್ 20ರಲ್ಲಿ ಎರಡು-ಮೂರು ನಿಮಿಷ ಕೊಡಿ. ಆ ಹೊತ್ತಿನಲ್ಲಿ ಗಾಜಿನ ಮೇಲಿನ ಮಂಜು ಕೆರೆಯಿರಿ. ಎಲ್ಲ ಗಾಜೂ ಪೂರ್ತಿ ಕೆರೆಯಬೇಕು. ಡ್ರೈವರ್ ಮುಂದೆ ಅಂಗೈ ಅಗಲ ಕಿಂಡಿ ಮಾಡಿಕೊಂಡು ಹೊರಡೋದು ಬೇಡ. ಬಿಸಿನೀರು ಸುರಿಯಲೂ ಬೇಡಿ, ಗಾಜು ಸೀಳುತ್ತದೆ. ಆಮೇಲೆ ಹೊರಡಿ.

ಹೊರಟ ಮೇಲೆ ಮೊದಲ ಕೆಲವು ಕಿಲೋಮೀಟರ್ ಆರ್‌ಪಿಎಂ 2,000ದಿಂದ 2,500ರ ಒಳಗೆ ಇರಲಿ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಹಾಗಂತ ಪೆಟ್ರೋಲ್ ಉಳಿಸಲು ಬೇಗ ಬೇಗ ಟಾಪ್ ಗೇರ್‌ಗೆ ಹೋಗಿ ಎಂಜಿನ್ ಗುಡುಗುಡು ಅನ್ನುವ ಹಾಗೆ ಎಳೆಸಬೇಡಿ, ತಣ್ಣಗಿನ ಬೇರಿಂಗ್‌ಗೆ ಅದೂ ಒಳ್ಳೆಯದಲ್ಲ. ಒಂದು ಗೇರ್ ಕೆಳಗೇ ಇಟ್ಟು ಆರಾಮವಾಗಿ ಹೋದರೆ ಎಂಜಿನ್ ಬೇಗ ಕಾವೇರುತ್ತದೆ. ಇನ್ನೊಂದು ವಿಷಯ: ಕೂಲಂಟ್ ಮುಳ್ಳು ನಡುವಿಗೆ ಬಂತು ಅಂದರೆ ಆಯಿಲ್ ಬಿಸಿಯಾಯಿತು ಅಂತಲ್ಲ. ಆಯಿಲ್ ಕಾವೇರಲು ಹೆಚ್ಚುಕಡಿಮೆ ಅದರ ಎರಡರಷ್ಟು ಹೊತ್ತು ಬೇಕು. ಮುಳ್ಳು ನಡುವಿಗೆ ಬಂದ ತಕ್ಷಣ ತುಳಿಯೋ ಅಭ್ಯಾಸ ಇದ್ದರೆ, ಟರ್ಬೊ ಇರುವ ಗಾಡಿಯಲ್ಲಂತೂ, ಬಿಟ್ಟುಬಿಡಿ. ಗೇರ್‌ಬಾಕ್ಸ್, ಚಕ್ರದ ಬೇರಿಂಗ್, ಟೈರು, ಶಾಕ್ ಅಬ್ಸಾರ್ಬರ್ ಇವೆಲ್ಲ ಗಾಡಿ ಉರುಳಿದರೆ ಮಾತ್ರ ಬಿಸಿಯಾಗುವಂಥವು. ಎಷ್ಟು ಹೊತ್ತು ಐಡ್ಲಿಂಗ್ ಮಾಡಿದರೂ ಅವು ಕಲ್ಲಿನ ಹಾಗೇ ಇರುತ್ತವೆ.

ಈಗ ಮೊದಲನೆಯವರ ಸಲಹೆ. ನಿಂತಲ್ಲೇ ರೇಸ್ ಕೊಟ್ಟರೆ ಶಾಖ ಸ್ವಲ್ಪ ಜಾಸ್ತಿ ಬರುತ್ತದೆ, ಅದು ಸುಳ್ಳಲ್ಲ. ಆದರೆ ಆ ಶಾಖದ ದೊಡ್ಡ ಪಾಲು ಉಜ್ಜಾಟದಿಂದ ಬಂದದ್ದು, ಅದೂ ಆಯಿಲ್ ಇನ್ನೂ ಜೇನಿನಷ್ಟು ಗಟ್ಟಿ ಇರುವಾಗ. ಅಲ್ಯೂಮಿನಿಯಂ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ಬ್ಲಾಕ್ ಇನ್ನೂ ತಣ್ಣಗೇ ಇರುತ್ತದೆ. ಒಂದೆರಡು ನಿಮಿಷ ಉಳಿಸಲು ಹೋಗಿ ಎಂಜಿನ್ ಸವೆಸೋದು ಯಾಕೆ?

ಹೀಟರಿನ ಬ್ಲೋವರ್ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದರೆ ಹೆಚ್ಚಿನವರು ಎಡವೋದು ಇಲ್ಲೇ. ಡ್ಯಾಶ್‌ಬೋರ್ಡ್ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇದೆ, ಅದೇ ಹೀಟರ್ ಕೋರ್. ಥರ್ಮೋಸ್ಟಾಟ್ ಮುಚ್ಚಿದ್ದರೂ ಸಾಮಾನ್ಯವಾಗಿ ಅದರೊಳಗೆ ಕೂಲಂಟ್ ಓಡುತ್ತಲೇ ಇರುತ್ತದೆ. ಬ್ಲೋವರ್ ಫುಲ್ ಇಟ್ಟರೆ ಐಡ್ಲಿಂಗ್‌ನಲ್ಲಿ ಎಂಜಿನ್ ಹುಟ್ಟಿಸುವ ಶಾಖದ ದೊಡ್ಡ ಪಾಲನ್ನು ಇದೊಂದೇ ಹೀರಿಬಿಡಬಲ್ಲದು. ನಿಮ್ಮ 15 ನಿಮಿಷದಲ್ಲಿ ಬ್ಲೋವರ್ ಮೊದಲಿನಿಂದಲೂ ಜೋರಾಗಿತ್ತು ಅಂದರೆ, ಬಂದ ಮುಕ್ಕಾಲು ಯೂನಿಟ್ಟಿನಲ್ಲೂ ಒಳ್ಳೇ ಪಾಲು ಖಾಲಿ ಕಾರನ್ನು ಬೆಚ್ಚಗೆ ಮಾಡಲು ಹೋಯಿತು. ಮುಳ್ಳು ತಳದಿಂದ ಮೇಲೇಳುವ ತನಕ ಬ್ಲೋವರ್ ಆಫ್ ಇಡಿ, ಅಥವಾ ಸಣ್ಣಗೆ ಮುಂದಿನ ಗಾಜಿಗೆ ಮಾತ್ರ ಬಿಡಿ. ಸೀಟ್ ಹೀಟರ್ ಇದ್ದರೆ ಅದನ್ನು ಹಾಕಿಕೊಳ್ಳಿ, ಅದು ಬ್ಯಾಟರಿ ಕರೆಂಟಿನಲ್ಲಿ ನೇರವಾಗಿ ಬೆನ್ನಿಗೆ ಬಿಸಿ ಕೊಡುತ್ತದೆ. ಗಾಜು ಮಸುಕಾದರೆ ಮಾತ್ರ ಈ ಜಿಪುಣತನ ಬೇಡ, ಬ್ಲೋವರ್ ಹಾಕಿ. ಎಂಜಿನ್ ಎರಡು ನಿಮಿಷ ತಡವಾಗಿ ಬಿಸಿಯಾದರೆ ನಷ್ಟವಿಲ್ಲ, ಎದುರಿನ ರಸ್ತೆ ಕಾಣಬೇಕು. ಆಟೋ ಕ್ಲೈಮೇಟ್ ಇರುವ ಗಾಡಿಗಳಲ್ಲಿ ಕೂಲಂಟ್ ಬಿಸಿಯಾಗುವ ತನಕ ಬ್ಲೋವರನ್ನು ಸಿಸ್ಟಮ್ಮೇ ತಡೆದಿಡುತ್ತದೆ. ಗಾಳಿ ಬರ್ತಿಲ್ಲ ಅಂತ ಬಟನ್ ಒತ್ತಿ ಒತ್ತಿ ಜೋರು ಮಾಡುವವರೇ ಜಾಸ್ತಿ.

ಇನ್ನು ಥರ್ಮೋಸ್ಟಾಟ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕಂದರೆ ನಿಮ್ಮ ಗಾಡಿಯ ಮೇಲೆ ನನಗೆ ಅನುಮಾನ ಇರೋದು ಇಲ್ಲೇ. 15 ನಿಮಿಷ ಐಡ್ಲಿಂಗ್ ಆದಮೇಲೂ ಇನ್ನೂ 6 ಕಿಲೋಮೀಟರ್ ಓಡಬೇಕು ಅನ್ನೋದು ಮೇಲಿನ ಲೆಕ್ಕದ ಅಂಚಿನಲ್ಲಿದೆ. ಬ್ಲೋವರ್ ಜೋರಾಗಿದ್ದರೆ ಸರಿ ಎನಿಸಬಹುದು, ಆಫ್ ಇದ್ದರೆ ತಡವೇ.

ಥರ್ಮೋಸ್ಟಾಟ್ ಅಂದರೆ ಒಳಗೆ ಮೇಣ ತುಂಬಿದ ಒಂದು ವಾಲ್ವ್. ತಣ್ಣಗಿರುವಾಗ ಸ್ಪ್ರಿಂಗ್ ಅದನ್ನು ಮುಚ್ಚಿ ಹಿಡಿದಿರುತ್ತದೆ, ಆಗ ಕೂಲಂಟ್ ಎಂಜಿನ್ ಮತ್ತು ಹೀಟರ್ ಕೋರ್ ನಡುವೆ ಮಾತ್ರ ಸುತ್ತುತ್ತದೆ. ಸಾಮಾನ್ಯವಾಗಿ 82ರಿಂದ 92 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ ಮೇಣ ಕರಗಿ, ಹಿಗ್ಗಿ, ವಾಲ್ವ್ ತೆರೆಯುತ್ತದೆ. ಕೂಲಂಟ್ ಆಗಷ್ಟೇ ರೇಡಿಯೇಟರಿಗೆ ಹೋಗೋದು. ವಯಸ್ಸಾದ ಥರ್ಮೋಸ್ಟಾಟ್ ಎಷ್ಟೋ ಸಲ ತೆರೆದಲ್ಲೇ ಸಿಕ್ಕಿಕೊಳ್ಳುತ್ತದೆ, ಅಥವಾ ಅದರ ರಬ್ಬರ್ ಅಂಚು ಸವೆದು ಸೋರುತ್ತದೆ. ಆಗ ಮೊದಲ ನಿಮಿಷದಿಂದಲೇ ಹೊರಗಿನ ಚಳಿಗೆ ಒಡ್ಡಿದ ರೇಡಿಯೇಟರಿನಲ್ಲಿ ಕೂಲಂಟ್ ಸುತ್ತಿ ಬರುತ್ತದೆ. ಬೇಸಿಗೆಯಲ್ಲಿ ಇದು ಗಮನಕ್ಕೇ ಬರಲ್ಲ. ಚಳಿಗಾಲದಲ್ಲಿ ಮಾತ್ರ ಎಂಜಿನ್ ಎಷ್ಟು ಗಳಿಸಿದರೂ ಸಾಲಲ್ಲ.

ಇದನ್ನು ಕೈಯಿಂದಲೇ ಪರೀಕ್ಷೆ ಮಾಡಬಹುದು. ರಾತ್ರಿಯೆಲ್ಲ ನಿಂತ ಗಾಡಿಯ ಬಾನೆಟ್ ಎತ್ತಿ. ಎಂಜಿನ್‌ನಿಂದ ರೇಡಿಯೇಟರಿನ ಮೇಲ್ತುದಿಗೆ ಹೋಗುವ ದಪ್ಪ ರಬ್ಬರ್ ಹೋಸ್ ಯಾವುದು ಅಂತ ಗುರುತಿಸಿಕೊಳ್ಳಿ. ಡ್ಯಾಶ್‌ಬೋರ್ಡ್ ಕಡೆಗೆ ಹೋಗುವ ಎರಡು ಸಣ್ಣ ಹೋಸ್‌ಗಳು ಹೀಟರಿನವು. ಬ್ಲೋವರ್ ಆಫ್ ಮಾಡಿ ಸ್ಟಾರ್ಟ್ ಮಾಡಿ. ಉಡುಪಿನ ತೋಳು, ಸ್ಕಾರ್ಫ್, ಕೂದಲು ಬೆಲ್ಟ್‌ನಿಂದ ದೂರ ಇರಲಿ. ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗಬಹುದು, ಅದರ ಹತ್ತಿರವೂ ಕೈ ಬೇಡ. ಐದಾರು ನಿಮಿಷದ ಮೇಲೆ ಹೀಟರ್ ಹೋಸ್ ಬೆಚ್ಚಗಾಗುತ್ತಾ ಬರುತ್ತದೆ. ಆಗ ದಪ್ಪ ಹೋಸ್ ಮುಟ್ಟಿ ನೋಡಿ. ಅದು ಇನ್ನೂ ಮಂಜಿನಷ್ಟು ತಣ್ಣಗೆ, ಗಡುಸಾಗಿಯೇ ಇದ್ದರೆ ಥರ್ಮೋಸ್ಟಾಟ್ ಸರಿಯಾಗಿ ಮುಚ್ಚಿದೆ. ಎರಡೂ ಒಟ್ಟೊಟ್ಟಿಗೇ ಉಗುರುಬೆಚ್ಚಗಾಗುತ್ತಿದ್ದರೆ ಥರ್ಮೋಸ್ಟಾಟ್ ಸೋರುತ್ತಿದೆ. ಸರಿಯಿರುವ ಗಾಡಿಯಲ್ಲಿ ಆ ದಪ್ಪ ಹೋಸ್ ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಂದು ನಿಮಿಷದಲ್ಲಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಆ ದಿಢೀರ್ ಬದಲಾವಣೆಯೇ ಆರೋಗ್ಯದ ಗುರುತು. ಮೈನಸ್ 15ರಲ್ಲಿ ಐಡ್ಲಿಂಗ್‌ನಲ್ಲೇ ಅದು ಆಗುವ ತನಕ ಕಾಯಬೇಕಿಲ್ಲ, ಮೊದಲ ಅರ್ಧ ಗೊತ್ತಾದರೆ ಸಾಕು.

ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ, ಕೂಲಂಟ್ ಎಂಜಿನ್ ಒಳಗೆ ಬರುವ ಜಾಗದಲ್ಲಿ ಇರುತ್ತದೆ. ಅಂಥ ಗಾಡಿಯಲ್ಲಿ ಮೇಲಿನ ಹೋಸ್ ಸ್ವಲ್ಪ ಬೆಚ್ಚಗಾದರೆ ಗಾಬರಿ ಬೇಡ. ರೇಡಿಯೇಟರಿನ ಕೆಳಭಾಗ ಮತ್ತು ಕೆಳಗಿನ ಹೋಸ್ ನೋಡಿ ತೀರ್ಮಾನಿಸಿ.

ಓಡಿಸುವಾಗಲೂ ಸುಳಿವು ಸಿಗುತ್ತದೆ. ಊರೊಳಗೆ ನಿಧಾನಕ್ಕೆ ಹೋಗುವಾಗ ನಡುವಿನಲ್ಲಿದ್ದ ಮುಳ್ಳು ಹೆದ್ದಾರಿಗೆ ಬಂದ ಕೂಡಲೇ, ಅಥವಾ ಇಳಿಜಾರಿನಲ್ಲಿ, ಕೆಳಗೆ ಬೀಳುತ್ತಿದ್ದರೆ ಥರ್ಮೋಸ್ಟಾಟ್ ಹೋಗಿದೆ ಅಂತಲೇ ತಿಳಿಯಿರಿ. ಆದರೆ ಮುಳ್ಳನ್ನೇ ಪೂರ್ತಿ ನಂಬಬೇಡಿ. ಬಹಳ ಗಾಡಿಗಳಲ್ಲಿ ಅದನ್ನು ಬೇಕೆಂದೇ ಮಂದ ಮಾಡಿರುತ್ತಾರೆ, 75 ಇದ್ದರೂ 100 ಇದ್ದರೂ ನಡುವಿನಲ್ಲೇ ತೋರಿಸುತ್ತದೆ. ಒಬಿಡಿ ಪೋರ್ಟ್‌ಗೆ (ಗಾಡಿಯ ಕಂಪ್ಯೂಟರ್ ಓದಲು ಇರುವ ಸಾಕೆಟ್) ಸಿಕ್ಕಿಸುವ ಸಣ್ಣ ರೀಡರ್ ಇದ್ದರೆ ನಿಜವಾದ ಡಿಗ್ರಿ ಮೊಬೈಲಿನಲ್ಲೇ ಕಾಣುತ್ತದೆ. ಅದರಲ್ಲಿ ಪಿ0128 ಅನ್ನುವ ಕೋಡ್ ಬಂದಿದ್ದರೆ, ಕೂಲಂಟ್ ಹೊತ್ತಿಗೆ ಸರಿಯಾಗಿ ಥರ್ಮೋಸ್ಟಾಟ್ ತೆರೆಯುವ ಬಿಸಿಗೆ ಏರುತ್ತಿಲ್ಲ ಅಂತ ಕಂಪ್ಯೂಟರ್ರೇ ದೂರು ಕೊಟ್ಟ ಹಾಗೆ.

ಇಲ್ಲಿ ಇನ್ನೊಂದನ್ನು ಬೇರೆ ಮಾಡಿ ನೋಡಬೇಕು. ರೀಡರ್ 90 ಡಿಗ್ರಿ ತೋರಿಸುತ್ತಿದ್ದರೂ ಗಾಳಿ ಬಿಸಿ ಬರುತ್ತಿಲ್ಲ ಅಂದರೆ ಎಂಜಿನ್‌ನ ತಪ್ಪಿಲ್ಲ, ಹೀಟರಿನ ತಪ್ಪು. ಆಗ ಆ ಎರಡು ಸಣ್ಣ ಹೋಸ್ ಮುಟ್ಟಿ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿಕೊಂಡಿದೆ. ಕೂಲಂಟ್ ಕಡಿಮೆಯಾಗಿ ಕೋರ್ ಒಳಗೆ ಗಾಳಿ ಸೇರಿದ್ದರೂ ಹೀಗೇ ಆಗುತ್ತದೆ, ಹಾಗಾಗಿ ಮೊದಲು ಟ್ಯಾಂಕಿನ ಮಟ್ಟ ನೋಡಿ. ಎಂಜಿನ್ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಿರಿ.

ಜಾಸ್ತಿ ಡಿಗ್ರಿಯ ಥರ್ಮೋಸ್ಟಾಟ್ ಹಾಕಿದರೆ ಬೇಗ ಬಿಸಿಯಾಗುತ್ತದೆ ಅನ್ನೋದು ಸರಿಯಲ್ಲ. 82ರದ್ದಾದರೂ 92ರದ್ದಾದರೂ ಅಲ್ಲಿಯ ತನಕ ಮುಚ್ಚಿಯೇ ಇರುತ್ತದಲ್ವಾ? ಮೈನಸ್ 15ರಿಂದ 82ಕ್ಕೆ ಏರುವ ವೇಗ ಎರಡರಲ್ಲೂ ಒಂದೇ. ಕಂಪನಿ ಹೇಳಿದ ಡಿಗ್ರಿಯ ಹೊಸದೊಂದನ್ನು ಹಾಕಿಸಿದರೆ ಸಾಕು.

ರಟ್ಟಿನ ವಿಷಯವೂ ಇದಕ್ಕೇ ಸೇರಿದ್ದು. ಥರ್ಮೋಸ್ಟಾಟ್ ಸರಿಯಾಗಿ ಮುಚ್ಚಿದ್ದರೆ ಕೂಲಂಟ್ ರೇಡಿಯೇಟರಿಗೆ ಹೋಗೋದೇ ಇಲ್ಲ, ಹಾಗಾಗಿ ರೇಡಿಯೇಟರ್ ಮುಚ್ಚಿ ಉಳಿಸುವ ಶಾಖ ಅಷ್ಟಕ್ಕಷ್ಟೇ. ಎಂಜಿನ್‌ನ ಮೈಗೆ ಬಡಿಯುವ ಗಾಳಿ ಕಡಿಮೆಯಾಗುತ್ತದೆ, ಅಷ್ಟು ಲಾಭ ಇದೆ, ಅದೂ ವೇಗವಾಗಿ ಓಡಿಸುವಾಗ. ರಟ್ಟು ಇಟ್ಟ ಕೂಡಲೇ ಭಾರೀ ವ್ಯತ್ಯಾಸ ಕಂಡಿತು ಅಂತ ಯಾರಾದರೂ ಹೇಳಿದರೆ ಅವರ ಥರ್ಮೋಸ್ಟಾಟ್ ಕೆಟ್ಟಿದೆ ಅಂತ ನನ್ನ ಊಹೆ! ಮೈನಸ್ 20ಕ್ಕಿಂತ ಕೆಳಗೆ ದೂರ ಓಡಿಸುವ ಲಾರಿ, ಡೀಸೆಲ್ ಗಾಡಿಗಳಿಗೆ ಗ್ರಿಲ್ ಮುಚ್ಚುವ ಹೊದಿಕೆ ನಿಜಕ್ಕೂ ಉಪಯೋಗ. ಕಾರಿಗೆ ಹಾಕಲೇಬೇಕು ಅಂದರೆ ಅರ್ಧ ಮಾತ್ರ ಮುಚ್ಚಿ, ಗಟ್ಟಿಯಾಗಿ ಕಟ್ಟಿ, ಚಳಿ ಕಡಿಮೆಯಾದ ದಿನ ನೆನಪಿಟ್ಟು ತೆಗೆಯಿರಿ. ಟರ್ಬೊ ಗಾಡಿಯ ಇಂಟರ್‌ಕೂಲರ್, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೂಲರ್ ಕೂಡ ಆ ಮುಂಭಾಗದಲ್ಲೇ ಇರುತ್ತವೆ. ಈಚಿನ ಎಷ್ಟೋ ಕಾರುಗಳಲ್ಲಿ ತಾನೇ ತೆರೆದು ಮುಚ್ಚುವ ಗ್ರಿಲ್ ಪಟ್ಟಿಗಳಿವೆ, ಅಂಥದ್ದಕ್ಕೆ ರಟ್ಟು ಬೇಕಿಲ್ಲ. ಎಂಜಿನ್ ಮೇಲೆ ಕಂಬಳಿ ಹೊದಿಸಿ ಮರೆತು ಸ್ಟಾರ್ಟ್ ಮಾಡಿದವರೂ ಇದ್ದಾರೆ. ಬೆಂಕಿ ಹತ್ತುವ ಕೆಲಸ ಅದು, ಆ ಕಡೆ ಹೋಗಲೇಬೇಡಿ.

ಬ್ಲಾಕ್ ಹೀಟರ್ ಬಗ್ಗೆ ಕೇಳಿದ್ದೀರಿ. ಗಾಡಿ ನಿಲ್ಲುವ ಜಾಗದಲ್ಲಿ ಪ್ಲಗ್ ಸಿಗುತ್ತದೆ ಅಂದರೆ ನನ್ನ ಉತ್ತರ ಕಣ್ಣು ಮುಚ್ಚಿಕೊಂಡು ಹೌದು. ನಿಮ್ಮ 6 ಕಿಲೋಮೀಟರ್ ಓಡಾಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಅಮೆರಿಕದ ನಾರ್ತ್ ಡಕೋಟಾದ ಆಂಡ್ರೂ ಫ್ರೀಮನ್ ಎಂಬವರು 1949ರಲ್ಲೇ ಹೆಡ್ ಬೋಲ್ಟ್ ಜಾಗದಲ್ಲಿ ಕೂರುವ ಹೀಟರಿಗೆ ಪೇಟೆಂಟ್ ಪಡೆದಿದ್ದರು. ಈಗ ಸಾಮಾನ್ಯವಾಗಿ ಬರುವುದು ಬ್ಲಾಕಿನ ಕೋರ್ ಪ್ಲಗ್ (ಬ್ಲಾಕಿನ ತೂತು ಮುಚ್ಚುವ ಲೋಹದ ಬಿರಡೆ) ತೆಗೆದು ಅಲ್ಲಿ ಕೂರಿಸುವ, ನೇರವಾಗಿ ಕೂಲಂಟನ್ನೇ ಕಾಯಿಸುವ ಬಗೆ. ಹೋಸ್ ನಡುವೆ ಹಾಕುವಂಥದ್ದೂ ಇದೆ, ಆಯಿಲ್ ಸಂಪಿಗೆ ಹೊರಗಿನಿಂದ ಅಂಟಿಸುವ ಪ್ಯಾಡ್ ಕೂಡ ಇದೆ. ಆಯಸ್ಕಾಂತದ ಪ್ಯಾಡ್ ತರುವ ಮುಂಚೆ ಸಂಪ್ ಅಲ್ಯೂಮಿನಿಯಮ್ಮಿನದಾ ನೋಡಿಕೊಳ್ಳಿ, ಆಗಿದ್ದರೆ ಅಂಟಲ್ಲ.

ಕಾರಿನ ಬ್ಲಾಕ್ ಹೀಟರ್ ಹೆಚ್ಚಾಗಿ 400ರಿಂದ 600 ವ್ಯಾಟ್ ಇರುತ್ತದೆ. 500 ವ್ಯಾಟಿನದು ಮೂರು ಗಂಟೆ ಹಾಕಿದರೆ ಒಂದೂವರೆ ಯೂನಿಟ್. ಅದರಲ್ಲಿ ಅರ್ಧ ಗಾಳಿಗೆ ಹೋಯಿತು ಅಂದುಕೊಂಡರೂ ನೀವು ಬೀದಿಯಲ್ಲಿ 15 ನಿಮಿಷ ಪೆಟ್ರೋಲ್ ಸುಟ್ಟು ಗಳಿಸುತ್ತಿದ್ದಷ್ಟು ಶಾಖ ಸ್ಟಾರ್ಟ್ ಮಾಡುವ ಮುಂಚೆಯೇ ಎಂಜಿನ್‌ನಲ್ಲಿರುತ್ತದೆ. ಮೈನಸ್ 15ರ ಬೆಳಗ್ಗೆಯೂ ಎಂಜಿನ್ ಪಾಲಿಗೆ ಅದು ಮೈನಸ್ ಅಲ್ಲದ ಬೆಳಗ್ಗೆ. ಸೆಲ್ಫ್ ಸಲೀಸಾಗಿ ತಿರುಗುತ್ತದೆ, ಹೆಚ್ಚುವರಿ ಪೆಟ್ರೋಲ್ ಕಡಿಮೆ ಬೀಳುತ್ತದೆ, ಬೇಗನೆ ಬಿಸಿಗಾಳಿ ಬರುತ್ತದೆ. ರಾತ್ರಿಯಿಡೀ ಹಾಕಿಡಬೇಕಿಲ್ಲ. ಮೂರು-ನಾಲ್ಕು ಗಂಟೆಯ ನಂತರ ಎಷ್ಟು ಬರುತ್ತದೋ ಅಷ್ಟೂ ಸೋರಿಹೋಗುವ ಹಂತಕ್ಕೆ ಬಂದಿರುತ್ತದೆ. ಒಂದು ಟೈಮರ್ ಇಟ್ಟು, ಹೊರಡುವ ಮೂರು ಗಂಟೆ ಮುಂಚೆ ಶುರುವಾಗುವ ಹಾಗೆ ಮಾಡಿ. ವೈರು ಹೊರಾಂಗಣಕ್ಕೆ ಅಂತಲೇ ಮಾಡಿದ, ಅರ್ಥಿಂಗ್ ಇರುವ, ಅಷ್ಟು ವ್ಯಾಟ್ ತಡೆಯುವಂಥದ್ದೇ ಆಗಿರಬೇಕು. ಪ್ಲಗ್ ತೆಗೆಯದೆ ಗಾಡಿ ಹೊರಡಿಸೋದು ಎಲ್ಲರಿಗೂ ಒಮ್ಮೆಯಾದರೂ ಆಗುವ ಕೆಲಸ. ವೈರಿನ ತುದಿಯನ್ನು ಡ್ರೈವರ್ ಬಾಗಿಲ ಹಿಡಿಗೆ ಒಂದು ಸುತ್ತು ಹಾಕಿಡಿ.

ಪ್ಲಗ್ ಇಲ್ಲದವರಿಗೆ ಪೆಟ್ರೋಲ್ ಅಥವಾ ಡೀಸೆಲ್ ಉರಿಸಿಯೇ ಕೂಲಂಟ್ ಕಾಯಿಸುವ ಪಾರ್ಕಿಂಗ್ ಹೀಟರ್ ಇದೆ. ವೆಬಾಸ್ಟೊ, ಎಬರ್‌ಸ್ಪೆಷರ್ ಕಂಪನಿಗಳದ್ದು ಹೆಸರುವಾಸಿ. ಕಾರಿನವು ಸಾಮಾನ್ಯವಾಗಿ 4–5 ಕಿಲೋವ್ಯಾಟ್, ಅಂದರೆ ಅರ್ಧ ಗಂಟೆಯಲ್ಲಿ ಎರಡು ಯೂನಿಟ್ ಮೇಲೆ. ಕಾರಿನ ಒಳಗೂ ಬೆಚ್ಚಗೆ, ಗಾಜಿನ ಮೇಲಿನ ಮಂಜೂ ಕರಗುತ್ತದೆ. ಆದರೆ ಹಾಕಿಸಲು ಖರ್ಚು ಜಾಸ್ತಿ, ಮತ್ತೆ ಅದರ ಪಂಪು, ಫ್ಯಾನು ಓಡೋದು ಬ್ಯಾಟರಿಯಲ್ಲಿ. ದಿನಾ ಅರ್ಧ ಗಂಟೆ ಹೀಟರ್ ಓಡಿಸಿ 10 ನಿಮಿಷ ಮಾತ್ರ ಗಾಡಿ ಓಡಿಸಿದರೆ ವಾರದಲ್ಲಿ ಬ್ಯಾಟರಿ ಮಲಗುತ್ತದೆ. ಚಳಿಯಲ್ಲಿ ಬ್ಯಾಟರಿ ಮೊದಲೇ ಅರೆಜೀವ: ಮೈನಸ್ 18ರಲ್ಲಿ ಅದರ ಸ್ಟಾರ್ಟಿಂಗ್ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿರುತ್ತದೆ. ನಿಮ್ಮ ಓಡಾಟ ನೋಡಿದರೆ ಇದು ನಿಮಗೆ ಹೊಂದುವ ದಾರಿಯಲ್ಲ.

ಆಯಿಲ್ ಯಾವುದು ಹಾಕಿದೆ ಅಂತಲೂ ಒಮ್ಮೆ ನೋಡಿ. 5ಡಬ್ಲ್ಯೂ-30 ಅನ್ನುವಲ್ಲಿ ಡಬ್ಲ್ಯೂ ಮುಂಚಿನ ಸಂಖ್ಯೆ ಚಳಿಗೆ ಸಂಬಂಧಿಸಿದ್ದು. ಸೆಲ್ಫ್ ತಿರುಗಿಸುವಷ್ಟು ತೆಳುವಾಗಿದೆಯಾ ಅನ್ನುವ ಪರೀಕ್ಷೆಯನ್ನು 15ಡಬ್ಲ್ಯೂ ಆಯಿಲಿಗೆ ಮೈನಸ್ 20ರಲ್ಲಿ, 10ಡಬ್ಲ್ಯೂಗೆ ಮೈನಸ್ 25ರಲ್ಲಿ, 5ಡಬ್ಲ್ಯೂಗೆ ಮೈನಸ್ 30ರಲ್ಲಿ, 0ಡಬ್ಲ್ಯೂಗೆ ಮೈನಸ್ 35ರಲ್ಲಿ ಮಾಡುತ್ತಾರೆ. ನಿಮ್ಮ ಚಳಿಗೆ 15ಡಬ್ಲ್ಯೂ ಅಂದರೆ ಅಂಚಿನಲ್ಲಿ ನಿಂತ ಹಾಗೆ. ಮ್ಯಾನ್ಯುಯಲ್ ಒಪ್ಪುವುದಾದರೆ 0ಡಬ್ಲ್ಯೂ ಅಥವಾ 5ಡಬ್ಲ್ಯೂ ಹಾಕಿಸಿ. ತೆಳು ಆಯಿಲ್ ಶಾಖ ಹುಟ್ಟಿಸಲ್ಲ, ಆದರೆ ಬೇಗ ಮೇಲಕ್ಕೇರಿ ಕ್ಯಾಮ್ ಶಾಫ್ಟ್ ಮುಟ್ಟುತ್ತದೆ. ಕೂಲಂಟ್ ವಿಷಯದಲ್ಲಿ ಒಂದೇ ಮಾತು: ಚಳಿ ಜಾಸ್ತಿ ಅಂತ ನೀರು ಬೆರೆಸದ ಗ್ಲೈಕಾಲ್ (ಕೂಲಂಟ್ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಸುರಿಯಬೇಡಿ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಮಿಶ್ರಣ ಸುಮಾರು ಮೈನಸ್ 37ರ ತನಕ ಹೆಪ್ಪುಗಟ್ಟಲ್ಲ. ಬರೀ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ, ಶಾಖ ಹೊರುವ ಶಕ್ತಿಯೂ ಅದಕ್ಕೆ ಕಡಿಮೆ.

ನಿಮ್ಮ ಓಡಾಟ ತೀರಾ ಚಿಕ್ಕದು ಅನ್ನೋದನ್ನೂ ಮರೆಯಬಾರದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿ ಎಂಜಿನ್‌ನಲ್ಲಿ ಅದು ಆವಿಯಾಗಿ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಸ್ವಲ್ಪ ಭಾಗ ಒಳಗೇ ಹನಿಗಟ್ಟಿ ಆಯಿಲಿಗೆ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಬದಿ ನೋಡಿ. ಕೆನೆಯಂಥ ತಿಳಿಹಳದಿ ಲೇಪ ಇದ್ದರೆ ಅದು ಈ ನೀರೇ. ಇದನ್ನು ನೋಡಿ ಹೆಡ್ ಗ್ಯಾಸ್ಕೆಟ್ (ಹೆಡ್ಡು, ಬ್ಲಾಕಿನ ನಡುವಿನ ಸೀಲ್) ಹೋಯಿತು ಅಂತ ಗಾಬರಿಯಾಗುವವರು ಬಹಳ. ಕೂಲಂಟ್ ಕಡಿಮೆಯಾಗುತ್ತಿಲ್ಲ, ಡಿಪ್‌ಸ್ಟಿಕ್ ಮೇಲೆ ಆಯಿಲ್ ಸರಿಯಾಗಿದೆ ಅಂದರೆ ಸಾಮಾನ್ಯವಾಗಿ ಚಿಕ್ಕ ಓಡಾಟದ ಫಲ ಅಷ್ಟೇ. ವಾರಕ್ಕೊಮ್ಮೆ 30–40 ನಿಮಿಷ ಒಂದೇ ಸಮನೆ ಓಡಿಸಿ, ಅಂಗಡಿ ಕೆಲಸ, ಆಫೀಸು ಒಂದೇ ಸುತ್ತಿನಲ್ಲಿ ಮುಗಿಸಿ, ಆಯಿಲನ್ನು ಮ್ಯಾನ್ಯುಯಲ್ಲಿನ ಕಠಿಣ ಬಳಕೆಯ ಲೆಕ್ಕಕ್ಕೆ ಬದಲಿಸಿ.

ಮುಚ್ಚಿದ ಗ್ಯಾರೇಜಿನಲ್ಲಿ, ಬಾಗಿಲು ಅರ್ಧ ತೆಗೆದಿದ್ದರೂ, ಎಂಜಿನ್ ಓಡಿಸಿ ಬಿಸಿ ಮಾಡಬೇಡಿ. ತಣ್ಣಗಿನ ಎಂಜಿನ್ ಕಾರ್ಬನ್ ಮಾನಾಕ್ಸೈಡ್ ಉಗುಳೋದು ಜಾಸ್ತಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250–300 ಡಿಗ್ರಿಗೆ ಬರುವ ತನಕ ಅದನ್ನು ತಡೆಯುವವರಿಲ್ಲ. ಹಿಮ ಬಿದ್ದ ಬೆಳಗ್ಗೆ ಸೈಲೆನ್ಸರ್ ಬಾಯಿ ಮುಚ್ಚಿದೆಯಾ ನೋಡಿಯೇ ಸ್ಟಾರ್ಟ್ ಮಾಡಿ. ರಿಮೋಟ್ ಸ್ಟಾರ್ಟ್ ಇರುವವರು ಇದನ್ನು ಎರಡು ಸಲ ಓದಿ.

ಕಾರು ಮಾಡುವವರೂ ಇದೇ ತಲೆನೋವಿಗೆ ಏನೇನೋ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ 2004ರ ಮಾಡೆಲ್ ಆಗಿ ಬಂದ ಟೊಯೋಟಾ ಪ್ರಿಯಸ್‌ನಲ್ಲಿ ಬಿಸಿ ಕೂಲಂಟನ್ನು ತುಂಬಿಡುವ ಒಂದು ಫ್ಲಾಸ್ಕೇ ಇತ್ತು, ಮೂರು ಲೀಟರ್ ಹತ್ತಿರ ಹಿಡಿಯುತ್ತಿತ್ತು. ಮುಂದಿನ ಮಾಡೆಲ್ಲಿನಲ್ಲಿ ಅದನ್ನು ಕೈಬಿಟ್ಟು, ಸೈಲೆನ್ಸರಿನಲ್ಲಿ ಹೋಗುವ ಶಾಖವನ್ನೇ ಹಿಡಿದು ಕೂಲಂಟಿಗೆ ಕೊಡುವ ಏರ್ಪಾಡು ತಂದರು. ನಿಮ್ಮ ಗಾಡಿಗೆ ಇವನ್ನು ಹಾಕಿಸಲು ಬರಲ್ಲ ಬಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ರಜೆಯ ದಿನ ಬೆಳಗ್ಗೆ ಹೋಸ್ ಪರೀಕ್ಷೆ ಮಾಡುತ್ತಿದ್ದೆ. ಥರ್ಮೋಸ್ಟಾಟ್ ಸೋರುತ್ತಿದ್ದರೆ ಬದಲಿಸಿ, ಆಮೇಲೆ ಕೂಲಂಟಿನೊಳಗೆ ಸಿಕ್ಕಿಕೊಂಡ ಗಾಳಿ ಸರಿಯಾಗಿ ತೆಗೆದಿದ್ದಾರಾ ಅಂತ ಕೇಳಿ. ಇದನ್ನು ಅರೆಬರೆ ಮಾಡಿ ಗಾಡಿ ವಾಪಸ್ ಕೊಡುವ ಮೆಕ್ಯಾನಿಕ್‌ಗಳು ಇದ್ದಾರೆ. ಗಾಳಿ ಉಳಿದರೆ ಹೀಟರ್ ಒಂದು ಸಲ ಬಿಸಿ, ಒಂದು ಸಲ ತಣ್ಣಗೆ ಊದುತ್ತದೆ, ಡ್ಯಾಶ್‌ಬೋರ್ಡ್ ಹಿಂದೆ ನೀರು ಗುಳುಗುಳು ಅಂದ ಹಾಗೆ ಕೇಳುತ್ತದೆ. ಹಾಗೆ ಕೇಳಿಸಿದರೆ ಗಾಡಿಯನ್ನು ಅವರ ಹತ್ತಿರವೇ ವಾಪಸ್ ಒಯ್ಯಿರಿ. ಥರ್ಮೋಸ್ಟಾಟ್ ಸರಿಯಿದೆ ಅಂತ ಗೊತ್ತಾದರೆ ಆ ದುಡ್ಡನ್ನು ನೇರವಾಗಿ ಬ್ಲಾಕ್ ಹೀಟರಿಗೆ ಹಾಕಿ. ಹಳೆಯ ಗಾಡಿಯಾದ್ದರಿಂದ ಅದನ್ನು ಕೂರಿಸುವಾಗ ಕೋರ್ ಪ್ಲಗ್ ಜಾಗ ತುಕ್ಕು ಹಿಡಿದಿದೆಯಾ ನೋಡಲು ಹೇಳಿ. ಹೇಗೂ ಕೂಲಂಟ್ ಇಳಿಸಲೇಬೇಕು, ಹೊಸ ಕೂಲಂಟನ್ನೂ ಆಗಲೇ ತುಂಬಿಸಿಕೊಳ್ಳಿ.